ಸೆಪ್ಟೆಂಬರ್ ಮೂವತ್ತೊಂದು

ಬದಲಾವಣೆಗಳ ಪಟ್ಟಿಯ ಹದಿನಾಲ್ಕನೆಯ ಅಂಶವನ್ನು ಬರೆದು ಮುಗಿಸಿದಾಗ ಕಡ್ಡಿಗೆ ಜೋರು ಹಸಿವಾಗಿತ್ತು. ಹನ್ನೊಂದು ವರ್ಷದ ಸೇಡನ್ನು ಎರಡು ಸಾಲಿಗಿಳಿಸಿದವಳ ಕೈ ನಡುಗಿರಬೇಕು, ಕಣ್ಣು ತುಂಬಿರಬೇಕು ಎಂದು ನೀವು ಅಂದುಕೊಂಡರೆ ಅವಳ ಪರಿಚಯ ನಿಮಗಿಲ್ಲ ಎಂದರ್ಥ. ಅವಳು ಊಟದ ಡಬ್ಬಿ ಬಿಚ್ಚಿದಳು, ತಳ ಕಾಣುವವರೆಗೆ ತಿಂದಳು, ಕೈ ತೊಳೆದು ಬಂದು ಬರೆದದ್ದನ್ನು ಮತ್ತೊಮ್ಮೆ ಓದಿದಳು. ಒಂದು ಅಕ್ಷರವೂ ಆಚೀಚೆ ಆಗಬೇಕಿರಲಿಲ್ಲ.

ಕಡ್ಡಿ ಅನ್ನುವುದು ಮನೆಯವರು ಇಟ್ಟ ಅಡ್ಡಹೆಸರು. ಆಳು ಸಣಕಲು, ಮಾತು ಕಡ್ಡಿ ಮುರಿದಂತೆ. ಟೈರ್ ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲಿ, ಒಂದು ಕೈ ಕಳೆದುಕೊಂಡ ಕುರ್ಚಿಯಲ್ಲಿ ಕೂತು ಅವಳು ಮಾಡುತ್ತಿದ್ದ ಕೆಲಸ ಇಷ್ಟೆ: ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವವರು ತಪ್ಪು ಮಾಡಿದಾಗ ಪರದೆಯ ಮೇಲೆ ಮೂಡುವ ಸಂದೇಶಗಳನ್ನು ಬರೆಯುವುದು. ಯಾರಿಗೂ ಬೇಡದ ಕೆಲಸ ಅದು. ಭಾಷೆ ಕಟ್ಟುವವರಿಗೆ ಹಾರ ತುರಾಯಿ, ಸಂದೇಶ ಬರೆಯುವವರಿಗೆ ಮುರುಕು ಕುರ್ಚಿ.

ಭಾಷೆ ಕಟ್ಟಿದವನು ಬೇರೆ ಯಾರೂ ಅಲ್ಲ, ಅವಳ ಅಕ್ಕನ ಗಂಡ. ಭಾವನಿಗೆ ಎರಡು ತುದಿಯಲ್ಲೂ ಮೇಲಕ್ಕೆ ತಿರುವಿದ ಭಾರಿ ಮೀಸೆ. ಅದೆಷ್ಟು ಪ್ರಸಿದ್ಧವೆಂದರೆ ಭಾಷೆಯ ಲಾಂಛನವೇ ಒಂದು ಮೀಸೆಯ ಚಿತ್ರ. ಈಗ ಅವನು ಕೋಡ್ ಬರೆಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಸಮ್ಮೇಳನಗಳಲ್ಲಿ ಭಾಷಣ ಮಾಡುತ್ತಿದ್ದ, ಮೀಸೆ ತಿರುವುತ್ತಿದ್ದ, ಚಪ್ಪಾಳೆ ಗಿಟ್ಟಿಸುತ್ತಿದ್ದ.

ಅವನ ಭಾಷೆಗೆ ಒಂದು ಚಾಳಿಯಿತ್ತು. ಇಲ್ಲದ ತಾರೀಖು ಕೊಟ್ಟರೆ ಅದು ತಕರಾರು ಮಾಡುತ್ತಿರಲಿಲ್ಲ. ಸೆಪ್ಟೆಂಬರ್ ಮೂವತ್ತೊಂದು ಎಂದು ಬರೆದರೆ, ಕೇಳದೆ ಹೇಳದೆ, ಅದನ್ನು ಅಕ್ಟೋಬರ್ ಒಂದು ಮಾಡಿಕೊಂಡು ಮುಂದೆ ಹೋಗುತ್ತಿತ್ತು. ಭಾಷೆ ಮರ್ಯಾದಸ್ಥ ಆಗಿರಬೇಕು, ಮನೆಗೆ ಬಂದವರ ತಪ್ಪನ್ನು ಎತ್ತಿ ಆಡಬಾರದು ಎಂದು ಭಾವ ಭಾಷಣಗಳಲ್ಲಿ ಹೇಳಿಕೊಳ್ಳುತ್ತಿದ್ದ.

ಹನ್ನೊಂದು ವರ್ಷದ ಹಿಂದೆ ಕಡ್ಡಿ ಭಾಷೆಯ ಸಾರ್ವಜನಿಕ ಚರ್ಚಾಪುಟದಲ್ಲಿ ಒಂದು ಸಲಹೆ ಬರೆದಳು. ಇಲ್ಲದ ತಾರೀಖು ಬಂದರೆ ಕೆಲಸ ನಿಲ್ಲಿಸಿ, ತಪ್ಪೆಂದು ಹೇಳಬೇಕು, ಇಲ್ಲವಾದರೆ ಒಂದಲ್ಲ ಒಂದು ದಿನ ಯಾರಿಗಾದರೂ ಪೆಟ್ಟಾಗುತ್ತದೆ. ಅದರ ಕೆಳಗೆ ಭಾವ ಉತ್ತರ ಬರೆದ: 'ಇದರಿಂದ ಒಬ್ಬರಿಗಾದರೂ ತೊಂದರೆಯಾದರೆ ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ. ಅಲ್ಲಿಯವರೆಗೆ ನಮ್ಮ ನಾದಿನಿ ಅಡುಗೆಮನೆಯ ಕ್ಯಾಲೆಂಡರ್ ನೋಡಿಕೊಂಡು ಇರಲಿ.' ಅದರ ಕೆಳಗೆ ನಲವತ್ಮೂರು ಜನ ನಗುವ ಮುಖ ಅಂಟಿಸಿ ಹೋದರು. ಚರ್ಚೆ ಅಲ್ಲಿಗೇ ಮುಗಿಯಿತು.

ಎರಡು ವರ್ಷದ ನಂತರ ಕಡ್ಡಿ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಡಯಾಲಿಸಿಸ್ ರೋಗಿಗಳ ಸರದಿಪಟ್ಟಿಯನ್ನು ಅದೇ ಭಾಷೆಯಲ್ಲಿ ಬರೆದುಕೊಟ್ಟಿದ್ದಳು. ಭಾಷೆಯ ಚಾಳಿ ಗೊತ್ತಿದ್ದರಿಂದ ಅವಳು ತನ್ನ ಕೋಡಿನಲ್ಲಿ ಎಲ್ಲ ಕಡೆ ತಾರೀಖನ್ನು ತಾನೇ ಪರೀಕ್ಷಿಸುತ್ತಿದ್ದಳು, ಒಂದು ಕಡೆ ಬಿಟ್ಟು. ಕೌಂಟರಿನ ಗುಮಾಸ್ತೆ ಸೆಪ್ಟೆಂಬರ್ ಮೂವತ್ತರ ಬದಲು ಮೂವತ್ತೊಂದು ಒತ್ತಿದ್ದು ಆ ಒಂದು ಕಡೆಯೇ. ಭಾಷೆ ಮರ್ಯಾದೆಯಿಂದ ಅದನ್ನು ಒಂದನೇ ತಾರೀಖು ಮಾಡಿತು. ಮುದುಕ ಬಡಗಿಯೊಬ್ಬ ತನ್ನ ಸರದಿ ತಪ್ಪಿ, ಉಸಿರುಗಟ್ಟಿ, ಆರು ದಿನ ತುರ್ತು ವಾರ್ಡಿನಲ್ಲಿ ಮಲಗಿದ. ಹೇಗೋ ಬದುಕಿಕೊಂಡ.

ತಪ್ಪು ಯಾರದೆಂದು ಆಸ್ಪತ್ರೆಯವರು ಭಾಷೆ ಕಟ್ಟಿದವನನ್ನೇ ಕೇಳಿದರು. ಭಾವ ಎರಡು ಸಾಲು ಬರೆದು ಕೈ ತೊಳೆದುಕೊಂಡ: 'ಭಾಷೆಯಲ್ಲಿ ಯಾವ ದೋಷವೂ ಇಲ್ಲ. ಇದು ಬರೆದವರ ಅಜಾಗರೂಕತೆ.' ಕಡ್ಡಿಯನ್ನು ಕೆಲಸದಿಂದ ತೆಗೆದರು, ಆ ಪತ್ರದ ಪ್ರತಿಯನ್ನೂ ಲಕೋಟೆಯಲ್ಲಿಟ್ಟು ಕೊಟ್ಟರು.

ಕೆಲಸ ಹೋದದ್ದನ್ನು ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಅಕ್ಕನ ಮನೆಯಲ್ಲಿ ಕಾಯಿಲೆ ಬಿದ್ದಿದ್ದ ಅಪ್ಪನಿಗೆ ವಾರದ ಮಾತ್ರೆಗಳನ್ನು ಡಬ್ಬಿಗೆ ತುಂಬಿಡುತ್ತಿದ್ದವಳು ಕಡ್ಡಿ. ಆ ಸುದ್ದಿ ಬಂದ ಭಾನುವಾರ ಅಕ್ಕ ಡಬ್ಬಿಯನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡಳು. "ಇರಲಿ ಬಿಡು, ನಾನೇ ಮಾಡ್ತೀನಿ" ಎಂದಳು. ಅಪ್ಪ ನೋಡಿಯೂ ನೋಡದವನಂತೆ ಗೋಡೆಯ ಕಡೆ ತಿರುಗಿದ. ಪತ್ರವನ್ನು ಅಂದೇ ಅಕ್ಕನ ಮುಖಕ್ಕೆ ಹಿಡಿಯಬಹುದಿತ್ತು. ಆದರೆ ಅಪ್ಪನನ್ನು ಎತ್ತಿ ಇಳಿಸುತ್ತಿದ್ದವನು ಭಾವ. ಆ ಮನೆ ಮುರಿದರೆ ಅಪ್ಪ ಎಲ್ಲಿಗೆ ಹೋಗಬೇಕು? ಕಡ್ಡಿ ಬಾಯಿಗೆ ಬೀಗ ಹಾಕಿಕೊಂಡಳು. ಕಿರಿಮಗಳ ಕೈಯಲ್ಲಿ ಏನೂ ನಿಲ್ಲುವುದಿಲ್ಲ ಎಂದು ನಂಬಿಕೊಂಡೇ ಅಪ್ಪ ತೀರಿಕೊಂಡ.

ಅದಾದ ತಿಂಗಳಿಗೆ ಅವಳು ಭಾಷೆಯ ಕಚೇರಿಗೆ ಬಂದು ಸಂದೇಶ ಬರೆಯುವ ಕೆಲಸ ಕೇಳಿದಳು. ಭಾವನಿಗೆ ನಗು ಬಂತು, ಇರಲಿ ಎಂದ. ಆಸ್ಪತ್ರೆಯಲ್ಲಿ ಆದದ್ದಕ್ಕೆ ತನ್ನ ಭಾಷೆಯ ದೋಷವೇ ಕಾರಣವೆಂದು ಭಾವ ಒಪ್ಪಿ ಬರೆದುಕೊಡಬೇಕು, ಅದೂ ನಗುವ ಮುಖ ಅಂಟಿಸಿದವರೆಲ್ಲ ಓದುವ ಜಾಗದಲ್ಲಿ. ಅವಳಿಗೆ ಬೇಕಿದ್ದದ್ದು ಇದೊಂದೇ. ಇದಕ್ಕಾಗಿ ಮೂರು ವರ್ಷ ಆ ಕುರ್ಚಿಯಲ್ಲಿ ಕೂತು ಕಾದಳು.

ಭಾಷೆಯ ಹೊಸ ಆವೃತ್ತಿ ಬರುವ ಮುಂಚೆ ತಿಂಗಳಿಗೊಂದರಂತೆ ಪ್ರಯೋಗದ ಆವೃತ್ತಿಗಳು ಬರುತ್ತವೆ. ಜನ ಅದನ್ನು ಹಾಕಿಕೊಂಡು, ಏನು ಮುರಿಯಿತೆಂದು ಬೊಬ್ಬೆ ಹಾಕಲಿ ಎಂದೇ ಅದನ್ನು ಬಿಡುವುದು. ಈ ಸಲದ ಪಟ್ಟಿಗೆ ಬೇರೆ ಬೇರೆ ಕಡೆಯ ದೂರುಗಳ ಒತ್ತಡದಿಂದ ತಾರೀಖಿನ ಬದಲಾವಣೆಯೂ ಸೇರಿತು. ಇನ್ನು ಮುಂದೆ ಇಲ್ಲದ ತಾರೀಖು ಬಂದರೆ ಕೆಲಸ ನಿಲ್ಲುತ್ತದೆ. ಅದಕ್ಕೊಂದು ಸಂದೇಶ ಬೇಕು. ಸಂದೇಶದ ಕೊನೆಗೆ, ಆ ವಿಷಯವನ್ನು ಮೊಟ್ಟಮೊದಲು ಎತ್ತಿದ ಚರ್ಚೆಯ ಕೊಂಡಿಯನ್ನು ಕೊಡಲೇಬೇಕು. ಹಾಗೆಂದು ನಿಯಮ ಮಾಡಿದವನೇ ಭಾವ.

ಕಡ್ಡಿ ಒಂದು ಕೆಟ್ಟ ಮಾತೂ ಬರೆಯಲಿಲ್ಲ. 'ಸೆಪ್ಟೆಂಬರ್ 31 ಎಂಬ ತಾರೀಖು ಇಲ್ಲ. ಏಕೆ ನಿಲ್ಲಿಸಿದೆವು ಎಂದು ತಿಳಿಯಲು ಇಲ್ಲಿ ನೋಡಿ.' ಅಷ್ಟೆ. ಕೊಂಡಿ ಒತ್ತಿದರೆ ಹನ್ನೊಂದು ವರ್ಷದ ಹಿಂದಿನ ಪುಟ, ಮೀಸೆಯ ಶಪಥ, ಕ್ಯಾಲೆಂಡರಿನ ಕುಹಕ, ನಲವತ್ಮೂರು ನಗು, ಎಲ್ಲ ಇದ್ದಂತೆಯೇ ತೆರೆದುಕೊಳ್ಳುತ್ತಿತ್ತು.

ಬದಲಾವಣೆಗಳಿಗೆ ಒಪ್ಪಿಗೆ ಕೊಡುವ ಸಮಿತಿಯ ಸಭೆಯಲ್ಲಿ ಅಧ್ಯಕ್ಷರು ಪಟ್ಟಿಯನ್ನು ಗಟ್ಟಿಯಾಗಿ ಓದಿದರು. ಹಿಂದೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರಾದ್ದರಿಂದ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಹದಿನಾಲ್ಕಕ್ಕೆ ಬಂದು, ಕೊಂಡಿ ತೆರೆದು, ಕನ್ನಡಕದ ಮೇಲಿನಿಂದ ಕಡ್ಡಿಯನ್ನು ನೋಡಿದರು.

"ಇದೇ ಬೇಕೇನಮ್ಮಾ? ಈ ವರ್ಷದ ಚರ್ಚೆನೂ ಇದೆಯಲ್ಲ."

"ಮೊದಲು ಎತ್ತಿದ್ದು ಯಾವುದೋ ಅದು ಅಂತ ನಿಯಮ ಇದೆ ಮೇಷ್ಟ್ರೇ."

"ನಿಯಮ ಇದೆ, ಹೌದು" ಎಂದು ಮೇಷ್ಟ್ರು ಹದಿನೈದಕ್ಕೆ ಹೋದರು. ಪಟ್ಟಿ ಭಾವನಿಗೂ ಹೋಗಿತ್ತು. ಅವನು ಯಾವತ್ತೂ ಪಟ್ಟಿ ಓದಿದವನಲ್ಲ.

ಬುಧವಾರ ಪ್ರಯೋಗದ ಆವೃತ್ತಿ ಹೊರಬಂತು. ಗುರುವಾರದ ಹೊತ್ತಿಗೆ ಎಷ್ಟೋ ಕಚೇರಿಗಳಲ್ಲಿ ಬಿಲ್ಲುಗಳು, ಹಾಜರಿಪಟ್ಟಿಗಳು ಗಕ್ಕನೆ ನಿಂತವು, ಸಂದೇಶ ಮೂಡಿತು, ಜನ ಕೊಂಡಿ ಒತ್ತಿದರು. ಶುಕ್ರವಾರ ಭಾಷೆಯ ಲಾಂಛನದ ಪಕ್ಕ ಯಾರೋ ಕ್ಷೌರದ ಕತ್ತಿಯ ಚಿತ್ರ ಬರೆದರು. ಮೀಸೆ ಯಾವಾಗ ಎಂದು ಕೇಳುವವರಿಗೆ ಲೆಕ್ಕವಿರಲಿಲ್ಲ. ಕಡ್ಡಿ ಒಂದನ್ನೂ ಬಿಡದೆ ಓದಿದಳು. ಹೊಟ್ಟೆ ತಣ್ಣಗಾಯಿತು ಅನ್ನುತ್ತಾರಲ್ಲ, ಹಾಗಾಯಿತು. ಅದನ್ನು ಮುಚ್ಚಿಟ್ಟುಕೊಳ್ಳುವ ಸಂಭಾವಿತಳೂ ಅವಳಲ್ಲ, ಆವತ್ತು ಕಚೇರಿಗೆಲ್ಲ ಅವಳೇ ಟೀ ತರಿಸಿದಳು.

ಶುಕ್ರವಾರ ರಾತ್ರಿ ಅಕ್ಕ ಅವಳ ಮನೆಗೆ ಬಂದಳು. ಚಪ್ಪಲಿ ಬಿಡಲಿಲ್ಲ, ಬಾಗಿಲಲ್ಲೇ ನಿಂತಳು.

"ಅದೊಂದು ಸಾಲು ತೆಗೆದುಬಿಡೇ. ಅವರು ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ."

"ನಾನೇನು ಬರೆದಿದ್ದೀನಿ ಅಕ್ಕ? ಬರೆದದ್ದೆಲ್ಲ ಭಾವಾನೇ."

"ಆಸ್ಪತ್ರೆಯೋರು ನಿನ್ನ ತೆಗೆದಾಗ ಅವರು ಎಷ್ಟು ಬೇಡಿಕೊಂಡ್ರು ಗೊತ್ತಾ ನಿನಗೆ? ಫೋನ್ ಮೇಲೆ ಫೋನ್ ಮಾಡಿದ್ರು, ನಿನ್ನ ಪರವಾಗಿ. ಅದನ್ನಾದ್ರೂ ನೆನೆಸ್ಕೋ."

ಕಡ್ಡಿಯ ಮೈಯೆಲ್ಲ ಉರಿಯಿತು. ಬೇಡಿಕೊಂಡನಂತೆ! ಪತ್ರ ಬೀರುವಿನಲ್ಲೇ ಇತ್ತು, ನಾಲ್ಕು ಹೆಜ್ಜೆ ದೂರದಲ್ಲಿ. ಆದರೂ ಅಕ್ಕನ ಬಾಡಿದ ಮುಖ ನೋಡಿ ಹಲ್ಲು ಕಚ್ಚಿಕೊಂಡಳು. ಅವಳ ಜಗಳ ಭಾವನ ಜೊತೆ, ಅಕ್ಕನ ಸಂಸಾರದ ಜೊತೆ ಅಲ್ಲ.

"ತೆಗೆಯಲ್ಲ ಅಕ್ಕ" ಎಂದಳು.

ಭಾನುವಾರ ಬೆಳಿಗ್ಗೆ ಭಾವ ಅವಳ ಸೇಡಿಗೇ ತಣ್ಣೀರು ಎರಚಿದ. ಮೀಸೆ ಬೋಳಿಸಿ, ನಗುನಗುತ್ತಾ ಫೋಟೋ ತೆಗೆಸಿಕೊಂಡು ಚರ್ಚಾಪುಟದಲ್ಲಿ ಹಾಕಿದ. 'ಕೊಟ್ಟ ಮಾತು ಮಾತೇ. ಭಾಷೆ ಬೆಳೆಯಿತು, ಮೀಸೆ ಹೋಯಿತು.' ಜನ ಮುಗಿಬಿದ್ದು ಮೆಚ್ಚಿದರು. ಎಂಥ ದೊಡ್ಡ ಮನಸ್ಸು, ಎಂಥ ಹಾಸ್ಯಪ್ರಜ್ಞೆ, ಗುರು ಎಂದರೆ ಹೀಗಿರಬೇಕು. ನಲವತ್ಮೂರು ನಗು ಇದ್ದ ಕಡೆ ಈಗ ನಾಲ್ಕು ಸಾವಿರ ಚಪ್ಪಾಳೆ. ಕಡ್ಡಿಯ ಹನ್ನೊಂದು ವರ್ಷವನ್ನು ಅವನು ಒಂದು ಬ್ಲೇಡಿನಲ್ಲಿ ತನ್ನ ಮೆರವಣಿಗೆ ಮಾಡಿಕೊಂಡಿದ್ದ.

ಅವಳು ಫೋನನ್ನು ಮಂಚದ ಮೇಲೆ ಎಸೆದಳು. ಆಮೇಲೆ ಎತ್ತಿಕೊಂಡು ಭಾವ ಹಿಂದೆ ಬರೆದ ಶಪಥವನ್ನು ಮತ್ತೆ ಓದಿದಳು, ಒಂದೊಂದೇ ಪದ. ಓದುತ್ತಾ ಓದುತ್ತಾ ಮುಖ ಅರಳಿತು. ಬೀರು ತೆಗೆದು ಪತ್ರವನ್ನು ಚೀಲಕ್ಕೆ ಹಾಕಿಕೊಂಡು ಅಕ್ಕನ ಮನೆಗೆ ಹೊರಟಳು.

ಅಲ್ಲಿ ಊಟ ಆಗಿತ್ತು. ಅಕ್ಕ ತಟ್ಟೆ ಎತ್ತುತ್ತಿದ್ದಳು. ಭಾವ ಫೋನ್ ಹಿಡಿದು ಹೊಗಳಿಕೆ ಓದಿಕೊಳ್ಳುತ್ತಾ, ಬೋಳು ತುಟಿಯ ಮೇಲೆ ಇಲ್ಲದ ಮೀಸೆ ತಿರುವುತ್ತಿದ್ದ. ಮೀಸೆಯಿಲ್ಲದ ಆ ಮುಖ ಸಿಪ್ಪೆ ತೆಗೆದ ಆಲೂಗಡ್ಡೆಯಂತಿತ್ತು.

"ಬಾಮ್ಮ ಬಾ. ಗೆದ್ದೆಯಲ್ಲ, ಸಮಾಧಾನ ಆಯ್ತಾ?" ಎಂದ.

"ಯಾರಿಗೆ ತೊಂದರೆ ಆಗಿತ್ತು ಭಾವ?"

"ಏನು?"

"ಒಬ್ಬರಿಗಾದರೂ ತೊಂದರೆ ಆದರೆ ಬೋಳಿಸ್ತೀನಿ ಅಂತ ಬರೆದಿದ್ರಿ. ಬೋಳಿಸಿದ್ರಿ. ಅಂದರೆ ಯಾರಿಗೋ ಆಗಿದೆ ಅಂತ ನೀವೇ ಒಪ್ಪಿಕೊಂಡ ಹಾಗಾಯ್ತು. ಕೊನೆಯ ಆವೃತ್ತಿಯ ಪಟ್ಟಿಯಲ್ಲಿ ಒಂದು ಕಾಲಂ ಇರುತ್ತೆ, ಹಳೇ ನಡವಳಿಕೆಯಿಂದ ನಿಜವಾಗಿ ಆದ ಒಂದು ಅನಾಹುತ ಬರೀಬೇಕು. ಅದನ್ನ ತುಂಬಿಸೋಳು ನಾನು. ಅದಕ್ಕೇ ಕೇಳ್ತಿದ್ದೀನಿ, ಯಾರಿಗೆ?"

ಭಾವನ ಕೈ ತುಟಿಯ ಮೇಲೆ ನಿಂತಿತು. "ತಮಾಷೆಗೆ ಮಾಡಿದ್ದನ್ನ ನೀನು..."

ಅವನ ಮಾತು ಮುಗಿಯುವ ಮುಂಚೆ ಕಡ್ಡಿ ಪತ್ರ ತೆಗೆದು ಮೇಜಿನ ಮೇಲಿಟ್ಟಳು. ಭಾವ ಕೈ ಚಾಚಿದ. ಅವನಿಗಿಂತ ಮೊದಲು ಅಕ್ಕ ಎತ್ತಿಕೊಂಡಳು. ಕೈ ಒರೆಸಿಕೊಂಡು ಓದಿದಳು. ಎರಡೇ ಸಾಲು, ಆದರೂ ತುಂಬ ಹೊತ್ತು ಓದಿದಳು. ಕೆಳಗಿದ್ದ ಸಹಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಬೇಡಿಕೊಂಡೆ ಅಂದ್ರಿ ನನಗೆ" ಎಂದಳು.

"ಆಗಿನ ಪರಿಸ್ಥಿತಿ ಹಾಗಿತ್ತು ಕಣೇ. ಭಾಷೆ ಆಗಷ್ಟೇ ಹೆಸರು ಮಾಡ್ತಿತ್ತು. ಒಂದು ಆಸ್ಪತ್ರೆ ಬಿಟ್ಟರೆ ಹತ್ತು ಬಿಡ್ತಿದ್ವು."

"ತಪ್ಪು ಇವಳದೇ ಅಂದ ನಿಮ್ಮ ಮಾತು ನಂಬಿ ನಾನು ಇವಳ ಕೈಯಿಂದ ಅಪ್ಪನ ಮಾತ್ರೆ ಕಿತ್ಕೊಂಡೆ." ಅಕ್ಕನ ದನಿ ಏರಲಿಲ್ಲ. ಒಳಗೆ ಹೋಗಿ ಒಂದು ಬಿಳಿ ಹಾಳೆ ಮತ್ತು ಪೆನ್ನು ತಂದು ಅವನ ಮುಂದಿಟ್ಟಳು. "ಬರೀರಿ" ಎಂದಳು.

ಅವನು ಹೆಂಡತಿಯ ಮುಖ ನೋಡಿದ, ನಾದಿನಿಯ ಮುಖ ನೋಡಿದ, ಪೆನ್ನು ತೆಗೆದುಕೊಂಡ. ದೋಷ ಭಾಷೆಯದು, ಅದನ್ನು ಎರಡು ವರ್ಷ ಮೊದಲೇ ತೋರಿಸಿಕೊಟ್ಟವಳನ್ನೇ ತಾನು ತಪ್ಪಿತಸ್ಥಳೆಂದು ಹೇಳಿದೆ, ಅದು ಸುಳ್ಳು. ಅಷ್ಟು ಬರೆಯಲು ಅವನಿಗೆ ಅರ್ಧ ಗಂಟೆ ಹಿಡಿಯಿತು. ಸಹಿ ಮಾಡಿ ಹಾಳೆಯನ್ನು ತಳ್ಳಿದ.

"ಇದನ್ನ ಹಾಕ್ಕೋ. ಆ ಹಳೇದನ್ನ ಹರಿದುಹಾಕು, ಇಲ್ಲೇ, ನನ್ನ ಮುಂದೆ."

ಕಡ್ಡಿ ಎರಡನ್ನೂ ಒಂದರ ಮೇಲೊಂದು ಇಟ್ಟು ಮಡಿಚಿದಳು.

"ಎರಡನ್ನೂ ಹಾಕ್ತೀನಿ ಭಾವ, ಅಕ್ಕಪಕ್ಕ. ಓದೋರಿಗೆ ಪೂರ್ತಿ ಗೊತ್ತಾಗಲಿ."

"ಅಷ್ಟು ಜನರ ಮುಂದೆ? ಆಮೇಲೆ ನನ್ನ ಗತಿ ಏನು?"

"ನನಗೆ ಏನಾಯ್ತೋ ಅದೇ. ಮೀಸೆ ಆರು ವಾರದಲ್ಲಿ ಬೆಳೆಯುತ್ತೆ. ಈ ಪಟ್ಟಿ ಭಾಷೆ ಇರೋವರೆಗೂ ಇರುತ್ತೆ."

ಭಾವ ಹೆಂಡತಿಯ ಕಡೆ ತಿರುಗಿದ, ಈಗಲಾದರೂ ಒಂದು ಮಾತು ಹೇಳುತ್ತಾಳೆಂದು. ಅಕ್ಕ ಅಲ್ಲಿರಲಿಲ್ಲ. ಒಳಗೆ ಕಪಾಟಿನ ಬಾಗಿಲು ತೆಗೆದು ಮುಚ್ಚಿದ ಸದ್ದಾಯಿತು. ಅವಳು ಬಂದಾಗ ಕೈಯಲ್ಲಿ ಏಳು ಖಾನೆಯ ಮಾತ್ರೆಯ ಡಬ್ಬಿ ಇತ್ತು, ಅಪ್ಪನದೇ. ಈಗ ಅದು ಅವಳ ರಕ್ತದೊತ್ತಡದ ಮಾತ್ರೆಗಳಿಗೆ. ಡಬ್ಬಿಯನ್ನೂ ಮಾತ್ರೆಗಳನ್ನೂ ತಂಗಿಯ ಮುಂದಿಟ್ಟು ಕುರ್ಚಿ ಎಳೆದುಕೊಂಡು ಕೂತಳು.

"ಈ ವಾರದ್ದು ತುಂಬಿಸಿಕೊಡು" ಎಂದಳು. "ನನಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ."

ಅಕ್ಕನ ಕಣ್ಣಿಗೆ ಏನೂ ಆಗಿರಲಿಲ್ಲ, ತುಂಬಿ ಬಂದಿತ್ತು ಅಷ್ಟೆ. ಕಡ್ಡಿ ಕೈ ತೊಳೆದು ಬಂದು ಸೋಮವಾರದ ಖಾನೆಯ ಮುಚ್ಚಳ ತೆಗೆದಳು.