ಸೂಗಪ್ಪನ ಪದಗಳಿದ್ದ ಕ್ಯಾಸೆಟ್

ಅಳಿಸಬಾರದ ಹಾಡಿದ್ದರೆ ಕ್ಯಾಸೆಟ್ಟಿನ ಹಿಂಬದಿಯ ಪ್ಲಾಸ್ಟಿಕ್ ಚೂರನ್ನು ಮುರಿದಿಡುತ್ತಾರೆ. ಮಸ್ಕಿಯಲ್ಲಿ ರೆಕಾರ್ಡಿಂಗ್ ಅಂಗಡಿ ಇಟ್ಟಿದ್ದ ಜಂಬಣ್ಣನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಹಟ್ಟಿ ಗಣಿಯ ಇಂಜಿನಿಯರ್ ಅವಸರ ಮಾಡಿದಾಗ ಖಾಲಿ ಕ್ಯಾಸೆಟ್ ಸಿಗದೆ, ಕೈಗೆ ಬಂದ ಹಳೆಯದೊಂದರಲ್ಲಿ ಚೂರು ಮುರಿದಿದ್ದ ತೂತಿಗೆ ಕಾಗದ ಅಂಟಿಸಿ, ಎರಡೂ ಮಗ್ಗುಲಿಗೆ ಅವರ ವಿಲಾಯತಿ ಆಲ್ಬಮ್ ತುಂಬಿದ. ಗಿಟಾರು, ಡ್ರಮ್ಮುಗಳ ರಾಕ್ ಸಂಗೀತದೊಳಗೆ ವಿಲಾಯತಿಯವರ ಹಳೇ ಶಾಸ್ತ್ರೀಯ ಪಿಟೀಲುಗಳನ್ನು ಬೆರೆಸಿದ ಆಲ್ಬಮ್ ಅದು.

ಆಲ್ಬಮ್ ಮುಗಿದರೂ ಟೇಪ್ ಓಡುತ್ತಲೇ ಇತ್ತು. ಅದರ ಬಾಲದಲ್ಲಿ ಬಳಗಾನೂರಿನ ಸೂಗಪ್ಪ ತತ್ವಪದ ಹಾಡತೊಡಗಿದ. ಜಂಬಣ್ಣ ಟೇಪ್ ನಿಲ್ಲಿಸಿದ. ಸೂಗಪ್ಪ ಯುಗಾದಿಯ ಹೊತ್ತಿಗೆ ತೀರಿಕೊಂಡಿದ್ದ. ಸಿಕ್ಕಿಕೊಂಡ ಟೇಪ್ ಸರಿಮಾಡಲೆಂದು ಸೂಗಪ್ಪನ ಹೆಂಡತಿ ಶೇಖರಮ್ಮ ಕೊಟ್ಟುಹೋಗಿದ್ದ ಕ್ಯಾಸೆಟ್ ಅದು. ಹತ್ತು ಪದಗಳಲ್ಲಿ ಉಳಿದದ್ದು ಒಂದೇ.

ಜಂಬಣ್ಣ ಇಂಜಿನಿಯರಿಗೆ ಹೇಗೋ ಬೇರೊಂದು ಕ್ಯಾಸೆಟ್ ತುಂಬಿಕೊಟ್ಟು, ಮರುದಿನ ಆಕೆ ಬಂದಾಗ ಅಳಿಸಿದ್ದನ್ನು ಹೇಳದೆ ಆ ಹಳೆಯದನ್ನೇ ಕೊಟ್ಟು ಕಳಿಸಿದ.

ವಾರದ ನಂತರ ಶೇಖರಮ್ಮ ಮತ್ತೆ ಬಂದಳು. ಬುತ್ತಿಯ ಗಂಟನ್ನು ಅವನ ಮುಂದಿಟ್ಟಳು.

"ಜಂಬಣ್ಣ, ನಮ್ಮನಿಯವರ ಹಾಡಿಗೆ ಎಂಥಾ ದೊಡ್ಡ ಮೇಳ ಕೂಡಿಸೀದಿಯಪಾ. ಒಮ್ಮೆ ಗುಡುಗಿದಂಗ, ಒಮ್ಮೆ ಅತ್ತಂಗ ಬಾರಸ್ತಾರ. ಎಲ್ಲಾರೂ ಸುಮ್ಮನಾದ ಮ್ಯಾಲ ಇವರು ಹಾಡ್ತಾರ. ಇದ್ದಾಗ ಅವರಿಗೊಂದು ತಬಲಾ ಸಾಥ್ ಸಿಗಲಿಲ್ಲ. ನಿನಗಂತ ರೊಟ್ಟಿ, ಶೇಂಗಾ ಹಿಂಡಿ ತಂದೀನಿ."

ಜಂಬಣ್ಣ ನಡೆದದ್ದನ್ನು ಹೇಳಬೇಕೆಂದು ಬಾಯಿ ತೆರೆದ.

ಅಷ್ಟರಲ್ಲಿ ಶೇಖರಮ್ಮನೇ ಕೇಳಿದಳು: "ಉಳಿದ ಒಂಬತ್ತು ಪದ ಬ್ಯಾರೆ ಕ್ಯಾಸೆಟ್ಟಿಗೆ ಹಾಕಿಟ್ಟಿರಬೇಕಲ್ಲ? ಅದನ್ನ ಒಯ್ಯಾಕ ಬಂದೀನಿ."