ಹಳೇ ವರ್ಷದ ಚೀಟಿ

"ಹರಿಯೋ ಕುಂಪಾರೆ, ಏನ್ ನೋಡ್ತಾ ನಿಂತಿದೀಯ?" ಎಂದು ಎವರಿಸ್ತೊ ಮೊಣಕೈಯಿಂದ ತಿವಿದಾಗ ಕಾಸಿಯಾನೊ ತನ್ನ ಸೆದುಲಾವನ್ನು, ವರ್ಷವರ್ಷ ತೆರಿಗೆ ಕಟ್ಟಿ ಪಡೆಯುವ ಗುರುತಿನ ಚೀಟಿಯನ್ನು, ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಮಳೆ ಆಗಷ್ಟೇ ಬಿಟ್ಟಿತ್ತು. ಭತ್ತದ ಕಣಜದ ಮುಂದಿನ ಅಂಗಳದಲ್ಲಿ ಸೇರಿದ್ದ ಇನ್ನೂರು ಮುನ್ನೂರು ಜನ, ಸ್ಪೇನಿನ ಆಳ್ವಿಕೆ ಇನ್ನು ಸಾಕೆಂದು, ತಮ್ಮ ತಮ್ಮ ಚೀಟಿಗಳನ್ನು ಹರಿದು ಕೆಸರಿಗೆ ಎಸೆಯುತ್ತಿದ್ದರು. ಕೆಲವರು ಅಳುತ್ತಿದ್ದರು, ಕೆಲವರು ನಗುತ್ತಿದ್ದರು, ಒಬ್ಬ ಮುದುಕನಂತೂ ತನ್ನದನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದ. ಕಾಸಿಯಾನೊ ಹರಿದ. ಎರಡು ಮಾಡಿದ, ನಾಲ್ಕು ಮಾಡಿದ, ವರ್ಷ ಬರೆದಿದ್ದ ಮೂಲೆಯನ್ನು ಮಾತ್ರ ಇನ್ನಷ್ಟು ಚಿಂದಿ ಮಾಡಿ ಹಿಮ್ಮಡಿಯಿಂದ ಕೆಸರಿಗೆ ತುಳಿದ.

ಅದು ಹಿಂದಿನ ವರ್ಷದ ಚೀಟಿ. ಈ ವರ್ಷದ್ದು ಬಾಳೆಲೆಯಲ್ಲಿ ಸುತ್ತಿಸಿಕೊಂಡು ಅವನ ಸೊಂಟಪಟ್ಟಿಯೊಳಗೆ ಬೆಚ್ಚಗೆ ಕೂತಿತ್ತು.

ಮೋಸ ಮಾಡಬೇಕೆಂಬ ಆಸೆ ಅವನಿಗಿರಲಿಲ್ಲ, ಅಷ್ಟು ಧೈರ್ಯದವನೂ ಅಲ್ಲ. ಮೂರು ವರ್ಷದ ಹಿಂದೆ ಪಕ್ಕದ ಊರಿನ ಸಂತೆಗೆ ಚೀಟಿ ಮರೆತು ಹೋಗಿದ್ದ. ಸಿವಿಲ್ ಗಾರ್ಡಿನವರು ಎರಡು ದಿನ ಕೂಡಿಹಾಕಿ, ಬೆನ್ನಿನ ಮೇಲೆ ಬೆತ್ತದಲ್ಲಿ ಬರೆ ಎಳೆದು ಕಳಿಸಿದ್ದರು. ಆ ಚೀಟಿ ಇಲ್ಲದ ಇಂಡಿಯೊ, ಅಂದರೆ ನಾಡಿನ ಹುಟ್ಟುಮಗ, ಸ್ಪೇನಿನ ದೊರೆಗಳ ಕಣ್ಣಿಗೆ ಕಳ್ಳನೇ ಸೈ. ಅಲ್ಲಿಂದೀಚೆಗೆ ಕಾಸಿಯಾನೊ ನದಿಗೆ ಮೀಯಲು ಹೋದರೂ ಚೀಟಿ ಬೇಕು ಎನ್ನುತ್ತಿದ್ದ. ಹೆಂಡತಿ ಪ್ಲಾಸಿದಾ ಇದನ್ನೇ ಇಟ್ಟುಕೊಂಡು ಕಾಡುತ್ತಿದ್ದಳು, "ಸತ್ರೆ ಪೆಟ್ಟಿಗೆಯೊಳಗೂ ಅದನ್ನೇ ಇಡ್ತೀನಿ ಬಿಡು, ಸ್ವರ್ಗದ ಬಾಗಿಲಲ್ಲಿ ತೋರಿಸೋವಂತೆ" ಎಂದು. ಈ ಸಲ ಹೊರಡುವಾಗ ಅವನು ಹಳೆಯದನ್ನೂ ಕೇಳಿ ತೆಗೆದುಕೊಂಡ. ಅವಳು ಯಾಕೆಂದು ಕೇಳಲಿಲ್ಲ. ದಂಗೆಗೆಂದು ಗುಟ್ಟಾಗಿ ಕಟ್ಟಿದ್ದ ಸಂಘದವರು ಏನು ಮಾಡಲಿದ್ದಾರೆ ಎನ್ನುವುದು ಎವರಿಸ್ತೊ ಬಾಯಿಬಿಟ್ಟು ಅವನಿಗೆ ಮೊದಲೇ ಗೊತ್ತಾಗಿತ್ತು.

ಅವನನ್ನು ಸಂಘಕ್ಕೆ ಸೇರಿಸಿದವನೂ ಎವರಿಸ್ತೊನೇ. ಇಬ್ಬರ ಮನೆಗಳೂ ನದಿದಂಡೆಯಲ್ಲಿ ಒತ್ತೊತ್ತಾಗಿದ್ದವು, ಇಬ್ಬರೂ ಬಾತು ಸಾಕುವವರು. ಎವರಿಸ್ತೊನ ಮಗಳು ತೆಕ್ಲಾಳ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಹಿಡಿದು ಅವಳಿಗೆ ನೀನೊಂಗ್, ಅಂದರೆ ಧರ್ಮತಂದೆ, ಆದವನು ಕಾಸಿಯಾನೊ. ಅಂದಿನಿಂದ ಒಬ್ಬರಿಗೊಬ್ಬರು ಕುಂಪಾರೆ, ಒಡಹುಟ್ಟಿದವರಿಗಿಂತ ಹೆಚ್ಚು. ಸಂಘಕ್ಕೆ ಸೇರುವಾಗ ತೋಳು ಗೀರಿ ರಕ್ತದಲ್ಲೇ ಸಹಿ ಹಾಕಬೇಕಿತ್ತು. ಆಗ ಕಾಸಿಯಾನೊ ಒಂದಿಷ್ಟೂ ಹೆದರಲಿಲ್ಲ. ರಕ್ತ ಹೋದರೆ ನಾಲ್ಕು ದಿನಕ್ಕೆ ಮತ್ತೆ ತುಂಬಿಕೊಳ್ಳುತ್ತದೆ. ಚೀಟಿ ಹಾಗಲ್ಲ.

ಚೀಟಿ ಹರಿದಾದ ಮೇಲೆ, ಎಲ್ಲರೂ ಊರಿಗೆ ಹೋಗಿ ಕತ್ತಿ ಮಸೆದಿಟ್ಟುಕೊಂಡು ಸನ್ನೆಗೆ ಕಾಯಬೇಕೆಂದು ಮುಖಂಡರು ಹೇಳಿದರು. ಕುಂಪಾರೆಗಳಿಬ್ಬರೂ ಮೊಟ್ಟೆ ಮಾರುವವರ ವೇಷದಲ್ಲಿ ಬಂದಿದ್ದರು. ವೇಷವೇನು ಬಂತು, ಇದ್ದದ್ದೇ ಆ ಕಸುಬು. ಉಳಿದ ಮೊಟ್ಟೆಗಳನ್ನು ಹೊಟ್ಟು ತುಂಬಿದ ಒಂದೇ ಬುಟ್ಟಿಗೆ ಹಾಕಿ ಎವರಿಸ್ತೊ ತಲೆ ಮೇಲಿಟ್ಟುಕೊಂಡ. ದಾರಿಯುದ್ದಕ್ಕೂ ಅವನ ಬಾಯಿಗೆ ಬಿಡುವಿರಲಿಲ್ಲ. ಇನ್ನು ಪಾದ್ರಿಯ ಕೈಗೆ ಮುತ್ತಿಡುವುದಿಲ್ಲವಂತೆ, ಮಠದ ಗದ್ದೆಗೆ ಬಿಟ್ಟಿ ಹೋಗುವುದಿಲ್ಲವಂತೆ, ತೆಕ್ಲಾ ಓದು ಕಲಿತು ತನಗೇ ಪತ್ರಿಕೆ ಓದಿ ಹೇಳುವಳಂತೆ. ಕಾಸಿಯಾನೊ ಹೂಂಗುಟ್ಟುತ್ತ ನಡೆದ. ಚೀಟಿಯ ವಿಷಯ ಹೇಳಿಬಿಡೋಣ, ಈಗಲೇ ಹರಿದು ಗದ್ದೆಗೆಸೆಯೋಣ ಎಂದು ಎರಡು ಸಲ ಅನಿಸಿತು. ಮನೆ ತಲುಪಿದ ಮೇಲೆ ನೋಡಿದರಾಯಿತು ಎಂದುಕೊಂಡ.

ದೋಣಿಕಟ್ಟೆಯಲ್ಲಿ ಹಿಂದಿನ ದಿನ ಇಲ್ಲದ ಕಾವಲು ಇವತ್ತು ಕೂತಿತ್ತು. ಹುಣಸೆಮರದ ಕೆಳಗೆ ಬಿಳಿಯ ಲೆಫ್ಟಿನೆಂಟ್ ಬೂಟು ಬಿಚ್ಚಿಟ್ಟು ಗಾಳಿ ಹಾಕಿಕೊಳ್ಳುತ್ತಿದ್ದ. ಅವನ ಹಿಂದೆ, ಆಗಲೇ ಹಿಡಿದ ಏಳೆಂಟು ಜನರನ್ನು ಒಂದೇ ಹಗ್ಗಕ್ಕೆ ಮೊಣಕೈ ಕಟ್ಟಿ ಕೂರಿಸಿದ್ದರು. ಚೀಟಿ ನೋಡುತ್ತಿದ್ದವನು ದಫೇದಾರ ಸಿರಿಯಾಕೊ. ಅವನೂ ಈ ಮಣ್ಣಿನವನೇ, ಕಾಸಿಯಾನೊ ಮಾರುವ, ಒಳಗೆ ಮರಿಗಟ್ಟಿದ ಮೇಲೆ ಬೇಯಿಸಿದ ಬಾತುಮೊಟ್ಟೆಗೆ ಬಾಯಿಬಿಡುವ ಗಿರಾಕಿ. ಎವರಿಸ್ತೊನ ಪರಿಚಯ ಅವನಿಗಿರಲಿಲ್ಲ.

ಹಿಂದಿರುಗಿ ಓಡುವಂತಿರಲಿಲ್ಲ, ಇಬ್ಬರೂ ಕಣ್ಣಿಗೆ ಬಿದ್ದಾಗಿತ್ತು. ದಫೇದಾರ ಕೈ ಚಾಚಿದ. ಕಾಸಿಯಾನೊನ ಕೈ, ಅವನನ್ನು ಕೇಳದೆಯೇ, ಸೊಂಟಪಟ್ಟಿಯೊಳಗೆ ಹೋಗಿ ಬಾಳೆಲೆಯ ಸುರುಳಿಯನ್ನು ಎಳೆದು ತಂದಿತು. ಸಿರಿಯಾಕೊ ಬಿಚ್ಚಿ, ವರ್ಷ ನೋಡಿ, ಸುತ್ತಿ ವಾಪಸು ಕೊಟ್ಟ. ಅಷ್ಟರಲ್ಲಿ ಎವರಿಸ್ತೊ ನೋಡಿದ್ದ. ಬೈದಿದ್ದರೆ, ಮುಖಕ್ಕೆ ಉಗಿದಿದ್ದರೆ ಕಾಸಿಯಾನೊ ತಡೆದುಕೊಳ್ಳುತ್ತಿದ್ದನೇನೋ. ಎವರಿಸ್ತೊನ ಹುಬ್ಬುಗಳು ಮಾತ್ರ ಕೊಂಚ ಮೇಲೆದ್ದು ಇಳಿದವು, ಅಷ್ಟೇ.

"ನಿಂದೆಲ್ಲಿ?" ಎಂದು ದಫೇದಾರ ಎವರಿಸ್ತೊನನ್ನು ಕೇಳಿದ. ಎವರಿಸ್ತೊ ಬರಿಗೈ ಬಿಚ್ಚಿ ತೋರಿಸಿದ. ಸಿರಿಯಾಕೊ ಮರದ ಕಡೆಗೊಮ್ಮೆ ನೋಡಿ, ಕಾಸಿಯಾನೊನ ಹತ್ತಿರ ಬಂದು ದನಿ ತಗ್ಗಿಸಿದ. "ನಿನ್ ಕಡೆಯವನಾ ಇವ್ನು? ನಿನ್ ಆಳು ಅನ್ನು ಸಾಕು. ಚೀಟಿ ಮನೇಲಿ ಬಿಟ್ ಬಂದವ್ನೆ ಅಂತ ಬರ್ಕೋತೀನಿ. ನಾಳೆ ಏನಾದ್ರೂ ಎಡವಟ್ಟಾದ್ರೆ ನೀನೇ ಹೊಣೆ, ಅಷ್ಟೆ. ಬೇಗ ಹೇಳು, ಅವ್ನು ಎದ್ದು ಬಂದ್ರೆ ನನ್ ಕೈಲಿಲ್ಲ."

ಹೌದು ಎಂಬ ಒಂದು ಮಾತು ಸಾಕಿತ್ತು. ಆದರೆ ನಾಳೆ ಯಾರಾದರೂ ಬಾಯಿಬಿಟ್ಟರೆ? ಕಣಜದ ಅಂಗಳದಲ್ಲಿ ಇಬ್ಬರನ್ನೂ ಕಂಡವರು ಒಬ್ಬರೇ ಇಬ್ಬರೇ? ಕಾಸಿಯಾನೊನ ಬೆನ್ನಿನ ಹಳೆಯ ಬರೆಗಳು ಜುಮ್ಮೆಂದವು.

"ದಾರೀಲಿ ಸಿಕ್ಕಿದ," ಎಂದ. "ಬುಟ್ಟಿ ಹೊರ್ತೀನಿ ಅಂದ. ಯಾರೋ ಏನೋ ನಂಗೊತ್ತಿಲ್ಲ."

"ಹೌದು ದಫೇದಾರ್ರೆ," ಎಂದ ಎವರಿಸ್ತೊ, ನಿಧಾನವಾಗಿ. "ಇವರು ಯಾರು ಅಂತ ನಂಗೂ ಗೊತ್ತಿಲ್ಲ."

ಲೆಫ್ಟಿನೆಂಟ್ ಮರದಡಿಯಿಂದ ಏನೋ ಕೂಗಿ ಕೇಳಿದ. ಎವರಿಸ್ತೊ ಕುಕ್ಕುರುಗಾಲಲ್ಲಿ ಕೂತು, ತಲೆ ಮೇಲಿನ ಬುಟ್ಟಿಯನ್ನು ಒಂದು ಮೊಟ್ಟೆಯೂ ಒಡೆಯದಂತೆ ಕಾಸಿಯಾನೊನ ಕಾಲ ಬಳಿ ಇಳಿಸಿದ. ಆಮೇಲೆ ತಾನೇ ನಡೆದುಹೋಗಿ ಹಗ್ಗದ ಕೊನೆಯಲ್ಲಿ ಕೂತ. ದೋಣಿಯವನು ಅವಸರ ಮಾಡಿದ. ಕಾಸಿಯಾನೊ ಬುಟ್ಟಿ ಎತ್ತಿಕೊಂಡು ಹತ್ತಿದ. ನದಿಯ ನಡುವೆ ತಲುಪುವವರೆಗೂ ಹಿಂದಕ್ಕೆ ನೋಡಲಿಲ್ಲ, ನೋಡಿದಾಗ ಮುಖಗಳು ತಿಳಿಯುತ್ತಿರಲಿಲ್ಲ.

ಪ್ಲಾಸಿದಾಳಿಗೆ ಅವನು ಎಲ್ಲವನ್ನೂ ಹೇಳಿದ. ಅವಳು ಕೇಳಿ, ನೀನು ಬಂದೆಯಲ್ಲ, ಅಷ್ಟು ಸಾಕು ಎಂದಳು. ಸಾಕೆನ್ನುವ ದನಿ ಅದಾಗಿರಲಿಲ್ಲ. ಎವರಿಸ್ತೊನ ಹೆಂಡತಿ ಹಿಲಾರಿಯಾಗೆ ಮಾತ್ರ ಅರ್ಧವನ್ನೇ ಹೇಳಿದರು. ಕುಂಪಾರೆ ಹಿಂದೆ ಉಳಿದಿದ್ದ, ದೋಣಿಕಟ್ಟೆಯಲ್ಲಿ ಹಿಡಿದರಂತೆ, ಕಾಸಿಯಾನೊ ಆಗಲೇ ದಾಟಿ ಆಗಿತ್ತು ಎಂದು. ಹಿಲಾರಿಯಾ ಗೋಡೆಗೆ ಒರಗಿ ಕೇಳಿಸಿಕೊಂಡಳು.

"ನೀವು ಜೊತೇಲಿದ್ದಿದ್ರೆ ಹೆಂಗಾದ್ರೂ ಬಿಡಿಸ್ಕೊಂಡ್ ಬರ್ತಿದ್ರಿ," ಎಂದಳು. "ನಮ್ ಹಣೇಬರ."

ಸನ್ನೆ ಬಂದ ದಿನ ಊರಿನ ಗಂಡಸರು ಕತ್ತಿ ಹಿಡಿದು ಹೊರಟರು. ಕಾಸಿಯಾನೊ ಜ್ವರವೆಂದು ಮಲಗಿದ. ಹೋದವರಲ್ಲಿ ಕೆಲವರು ಬಂದರು, ಕೆಲವರು ಬರಲಿಲ್ಲ. ಎವರಿಸ್ತೊನನ್ನು ಕೋಟೆಯಲ್ಲಿಟ್ಟಿದ್ದಾರೆಂದು ಮೊದಲು ಸುದ್ದಿಯಾಯಿತು, ಆಮೇಲೆ ಆಫ್ರಿಕಾದ ಕಡೆಯ ಯಾವುದೋ ದ್ವೀಪಕ್ಕೆ ಹಡಗು ಹತ್ತಿಸಿದರೆಂದಾಯಿತು. ಸೆರೆಯಿಂದ ಬಿಟ್ಟು ಬಂದ ಒಬ್ಬನು, ಎಷ್ಟು ಹೊಡೆದರೂ ಎವರಿಸ್ತೊನ ಬಾಯಿಂದ ತನ್ನೂರಿನ ಒಂದು ಹೆಸರೂ ಬರಲಿಲ್ಲ ಎಂದು ಹೇಳಿಹೋದ. ಒಂದೇ ಒಂದು ಸಲ ಆ ಗಳಿಗೆ ಹಿಂದಕ್ಕೆ ಬಂದರೆ ಸಾಕು, ಹೌದು ಎಂದುಬಿಡುತ್ತೇನೆ ಎಂದು ಕಾಸಿಯಾನೊ ಗದ್ದೆಯಲ್ಲಿ, ನೀರಿನಲ್ಲಿ, ಚರ್ಚಿನಲ್ಲಿ ಮೊಣಕಾಲೂರಿ ಸಾವಿರ ಸಲ ಅಂದುಕೊಂಡ.

ಎವರಿಸ್ತೊನ ಬಾತುಗಳನ್ನು ನೋಡಿಕೊಳ್ಳುವ ಕೆಲಸ ತಾನಾಗಿ ಅವನ ಮೇಲೆ ಬಿತ್ತು. ಬೆಳಿಗ್ಗೆ ಎರಡೂ ಮನೆಯ ಬಾತುಗಳಿಗೆ ನದಿಯ ತಳದಿಂದ ಬಸವನಹುಳು ಬಾಚಿ ತಂದು ಹಾಕುತ್ತಿದ್ದ. ತೊಂದರೆ ಇದ್ದದ್ದು ಸಂಜೆ. ಒಬ್ಬೊಬ್ಬ ಸಾಕುವವನ ಕೂಗು ಒಂದೊಂದು ಥರ, ಬಾತು ತನ್ನ ಯಜಮಾನನ ಕೂಗಿಗಷ್ಟೇ ಗೂಡಿಗೆ ಬರುತ್ತದೆ. ಕಾಸಿಯಾನೊ ಎಷ್ಟು ಕೂಗಿದರೂ ಎವರಿಸ್ತೊನ ಬಾತುಗಳು ನೀರಿನ ನಡುವೆ ಗುಂಪುಕಟ್ಟಿ ಸುಮ್ಮನೆ ತೇಲುತ್ತಿದ್ದವು. ದಿನವೂ ದೋಣಿ ಇಳಿಸಿ ಕೋಲಿನಿಂದ ಅಟ್ಟಿಕೊಂಡು ಬರಬೇಕಾಗುತ್ತಿತ್ತು.

ಒಂದು ಸಂಜೆ ಅವನಿಗೆ ಸುಸ್ತಾಗಿತ್ತು. ದಂಡೆಯಲ್ಲಿ ನಿಂತು, ಬಾಯಿಗೆ ಎರಡೂ ಕೈ ಒಡ್ಡಿ, ಎವರಿಸ್ತೊ ಕೂಗುತ್ತಿದ್ದಂತೆಯೇ ಕೂಗಿದ. ಮೊದಲು ಗಂಟಲಿನಿಂದ ಒಂದು ಉದ್ದನೆಯ ಎಳೆತ, ಆಮೇಲೆ ಪಟಪಟನೆ ಮೂರು ಮೊಟಕು. ಹದಿನೈದು ವರ್ಷ ಪಕ್ಕದಲ್ಲಿ ನಿಂತು ಕೇಳಿದ್ದು ಅಷ್ಟೂ ಸರಿಯಾಗಿ ಬಂತು. ನೀರಿನ ಮೇಲಿನ ಬಾತುಗಳು ಒಟ್ಟಿಗೆ ತಿರುಗಿ, ರೆಕ್ಕೆ ಬಡಿಯುತ್ತ ದಂಡೆಗೆ ಬಂದು, ಅವನ ಕಾಲುಗಳ ಪಕ್ಕದಲ್ಲಿ ನುಗ್ಗಿ ಗೂಡು ಸೇರಿದವು.

ಕಂಬಗಳ ಮೇಲೆ ನಿಂತ ಎವರಿಸ್ತೊನ ಮನೆಯೊಳಗೆ ಏನೋ ಬಿದ್ದ ಸದ್ದಾಯಿತು. ಹಿಲಾರಿಯಾ ಬಾಗಿಲಿಗೆ ಓಡಿ ಬಂದಳು, ಕೈಯಲ್ಲಿ ಗಂಜಿಯ ಸೌಟು ಹಾಗೇ ಇತ್ತು. ಅವಳ ಪಕ್ಕದಿಂದ ತೆಕ್ಲಾ ತೂರಿ ಬಿದಿರಿನ ಏಣಿಯನ್ನು ಎರಡೆರಡು ಮೆಟ್ಟಿಲು ಹಾರಿ ಇಳಿದಳು. ಕೆಳಗೆ ಬಂದು ನಿಂತು ಅಂಗಳ ನೋಡಿದಳು, ನದಿ ನೋಡಿದಳು, ಆಮೇಲೆ ಅವನನ್ನು ನೋಡಿದಳು. ಹಿಲಾರಿಯಾ ಬಾಗಿಲಲ್ಲೇ ನಿಂತಿದ್ದಳು. ಸೌಟಿನಿಂದ ಗಂಜಿ ಮೆಟ್ಟಿಲ ಮೇಲೆ ತೊಟ್ಟಿಕ್ಕುತ್ತಿತ್ತು.

"ನೀನೊಂಗ್," ಎಂದಳು ತೆಕ್ಲಾ, ಅವನ ಅಂಗಿಯ ತುದಿ ಹಿಡಿದು. "ಇನ್ನೊಂದ್ಸಲ ಕೂಗಿ."

ಕಾಸಿಯಾನೊ ಮತ್ತೆ ಕೈಗಳನ್ನು ಬಾಯಿಗೆ ಒಡ್ಡಿದ. ಗೂಡಿನೊಳಗೆ ಕಾಲು ಮಡಚಿ ಕೂತಿದ್ದ ಬಾತುಗಳು ಒಂದೊಂದಾಗಿ ಕತ್ತೆತ್ತಿದವು.