ಹಿಂದಿನ ಸೀಟಿನ ನಿದ್ದೆ

ಮಾವ ತೀರಿಕೊಂಡ ಮೇಲೆ ಅತ್ತೆಯ ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮಾವ ದೂರದೂರುಗಳಿಗೆ ಬಸ್ ಓಡಿಸುತ್ತಿದ್ದವರು. ಮದುವೆಯಾದ ಹೊಸತರಲ್ಲಿ ಅತ್ತೆ ಅವರ ಹಿಂದಿನ ಸೀಟಿನಲ್ಲೇ ಕೂತು ಊರೂರು ಸುತ್ತಿದ್ದರು. ಇಂಜಿನ್ನಿನ ಗುಂಯ್ಗುಡುವ ಸದ್ದೇ ಅವರಿಗೆ ಜೋಗುಳವಾಗಿತ್ತು. ಈಗ ಹಾಸಿಗೆಯಲ್ಲಿ ಹೊರಳಾಡಿ ಹೊರಳಾಡಿ, ಬೆಳಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಅಡುಗೆಮನೆಗೆ ಬರುತ್ತಿದ್ದರು. ಬೇಕರಿಯ ರಾತ್ರಿ ಕೆಲಸ ಮುಗಿಸಿ ಬಂದ ಮಗ ಹಾಡುಹಗಲೇ ಗೊರಕೆ ಹೊಡೆಯುವುದನ್ನು ನೋಡಿ, "ನನ್ನ ಪಾಲಿನ ನಿದ್ದೇನೂ ಇವನೇ ಮಾಡಿ ಮುಗಿಸ್ತಾನೆ" ಎಂದು ನಗುತ್ತಿದ್ದರು.

ಸೊಸೆಯದು ಹೊಳೆಯ ನೀರು ಅಳೆಯುವ ಕೆಲಸ. ದಡದುದ್ದಕ್ಕೂ ಅಲ್ಲಲ್ಲಿ ನೆಟ್ಟ ಅಳತೆಗಂಬಗಳ ಹತ್ತಿರ ಹೋಗಿ, ನೀರು ಎಲ್ಲಿಯವರೆಗೆ ಏರಿದೆ ಎಂದು ನೋಡಿ, ಕಚೇರಿಗೆ ಫೋನ್ ಮಾಡಿ ಹೇಳಬೇಕು. ಪೇಟೆ ದಾಟುವವರೆಗೆ ನುಣ್ಣನೆ ಡಾಂಬರು. ಆಮೇಲೆ ಬರೀ ಜಲ್ಲಿ, ಗುಂಡಿ, ಮಳೆಗಾಲದಲ್ಲಿ ಕೊಚ್ಚಿಹೋದ ಅಂಚು. ಅವಳ ಹಳೆಯ ಸ್ಕೂಟರು ಆ ದಾರಿಯಲ್ಲೇ ಕುಲುಕಿ ಕುಲುಕಿ ಕೊನೆಯುಸಿರೆಳೆದಿತ್ತು. ಬೇಜಾರಾದಾಗ ಅತ್ತೆಯೂ ಆ ಸ್ಕೂಟರಿನ ಹಿಂದೆ ಕೂತು ಹೊಳೆ ನೋಡಲು ಹೋಗುತ್ತಿದ್ದುದುಂಟು. ಇಳಿಯುವಾಗ ಸೊಂಟ ಹಿಡಿದುಕೊಂಡೇ ಇಳಿಯುತ್ತಿದ್ದರು.

"ಈ ಸಲ ಸ್ಕೂಟರ್ ಬೇಡ, ಬೈಕ್ ತಗೋತೀನಿ. ಓಡಿಸಿದರೆ ಹಾರಿದ ಹಾಗಿರಬೇಕು" ಎಂದಳು ಸೊಸೆ.

ಅದು ಅವಳ ಚಿಕ್ಕಂದಿನ ಕನಸು. ಕನಸೆಂದರೆ ನಿಜವಾಗಿಯೂ ನಿದ್ದೆಯಲ್ಲಿ ಬರುತ್ತಿದ್ದದ್ದೇ. ಕೆಂಪು ಬೈಕು, ಟ್ಯಾಂಕಿನ ಮೇಲೆ ಬಾಗಿ ಕೂತ ತಾನು, ಎರಡೂ ಕಡೆ ಸೀಳಿಕೊಂಡು ಹೋಗುವ ಗಾಳಿ. ಆ ಬೈಕಿಗೆ ಸದ್ದಿರಲಿಲ್ಲ, ಚಕ್ರ ನೆಲಕ್ಕೆ ತಾಗುತ್ತಲೂ ಇರಲಿಲ್ಲ.

ಗಂಡ ಮುಸುಕಿನೊಳಗಿಂದಲೇ, "ಅಮ್ಮನ್ನೂ ಕರ್ಕೊಂಡು ಹೋಗು. ಹಿಂದೆ ಕೂರೋರು ಒಪ್ಪದೆ ಗಾಡಿ ತಂದರೆ ಆಮೇಲೆ ಮನೇಲಿ ದಿನಾ ಪಂಚಾಯ್ತಿ" ಎಂದು ಮಗ್ಗುಲು ಬದಲಿಸಿದ.

ಅಂಗಡಿಯ ಗಾಜಿನಾಚೆ ಅದು ನಿಂತಿತ್ತು. ಅದೇ ಕೆಂಪು. ಸೊಸೆಯ ಕಾಲು ತಾನಾಗಿಯೇ ಅತ್ತ ನಡೆಯಿತು. ಅಂಗಡಿಯವನು ಬಾಯಿ ಬಿಡುವ ಮೊದಲೇ ಅವಳು ಸೀಟೇರಿ ಹ್ಯಾಂಡಲ್ ಹಿಡಿದಾಗಿತ್ತು. ಅತ್ತೆ ಹೆಲ್ಮೆಟ್ ತೊಟ್ಟು, ಅಂಗಡಿಯವನ ಭುಜ ಹಿಡಿದು ಹಿಂದೆ ಹತ್ತಿದರು. ಹಿಂದಿನ ಸೀಟು ಅಂಗೈಯಗಲವಿತ್ತು. ಅದೂ ಮುಂದಿನದಕ್ಕಿಂತ ಎತ್ತರ.

"ಅಟ್ಟ ಹತ್ತಿದ ಹಾಗಾಯ್ತಲ್ಲೇ!" ಎಂದರು.

ಇಬ್ಬರೂ ಓಡಿಸಿ ನೋಡಲು ಹೊರಟರು. ಡಾಂಬರಿನ ಮೇಲೆ ಬೈಕು ಬೆಣ್ಣೆಯಂತೆ ಜಾರಿತು. ಸೊಸೆಗೆ ಕಣ್ಣು ಬಿಟ್ಟುಕೊಂಡೇ ಹಳೆಯ ಕನಸಿನೊಳಗೆ ಹೊಕ್ಕಂತಾಯಿತು. ಅಂಗಡಿ ಸಾಲು ಬಣ್ಣ ಬಣ್ಣದ ನೀರಿನಂತೆ ಹಿಂದಕ್ಕೆ ಹರಿಯುತ್ತಿತ್ತು. ಪೇಟೆ ಮುಗಿದು ಜಲ್ಲಿ ಶುರುವಾದದ್ದೇ ತಡ, ಕನಸು ಠಣ್ಣೆಂದು ಒಡೆಯಿತು. ಒಂದೊಂದು ಗುಂಡಿಯೂ ನೇರ ಬೆನ್ನುಮೂಳೆಗೇ ಬಂದು ಬಡಿಯುತ್ತಿತ್ತು. ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ. ಹಿಂದಿನಿಂದ "ಅಯ್ಯಪ್ಪಾ, ಅಯ್ಯಮ್ಮಾ" ಎಂಬ ಸಣ್ಣ ದನಿ.

ಅವಳು ನಿಲ್ಲಿಸಿದಳು. ಅತ್ತೆ ಇಳಿದು, ನೆಟ್ಟಗಾಗಲು ಸ್ವಲ್ಪ ಹೊತ್ತು ತೆಗೆದುಕೊಂಡರು.

"ಇದನ್ನೇ ತಗೊಳ್ಳೇ. ನಿನ್ನ ಮುಖ ಹೇಗೆ ಅರಳಿತ್ತು ಅಂತ ಕನ್ನಡೀಲಿ ನೋಡಿದೆ ನಾನು. ನಾನು ಮನೇಲಿದ್ರಾಯ್ತು."

ಸೊಸೆಗೆ ಹೂಂ ಎನ್ನಬೇಕೆನಿಸಿತು. ನಾಲಿಗೆ ತುದಿವರೆಗೂ ಬಂದಿತ್ತು. ಆದರೆ ಆ ಮನೆ, ಆ ಹಾಸಿಗೆ, ಸೂರು ನೋಡುತ್ತ ಮಲಗಿದ ಅತ್ತೆ ಕಣ್ಣ ಮುಂದೆ ಬಂದರು. ಅವಳ ಮಣಿಕಟ್ಟೂ ಜುಂ ಎನ್ನುತ್ತಿತ್ತು. ಈ ದಾರಿಯಲ್ಲಿ ದಿನಾ ಬರುವವಳು ತಾನೇ ಅಲ್ಲವೇ?

"ಇನ್ನೊಂದು ನೋಡೋಣ, ಅತ್ತೆ" ಎಂದಳು. ಬೈಕನ್ನು ಅಂಗಡಿಯ ಕಡೆಗೆ ತಿರುಗಿಸಿದಳು.

ಅಂಗಡಿಯವನು ತೋರಿಸಿದ ಎತ್ತರದ ಗಾಡಿಯ ಮೇಲೆ ಅವಳ ಕಾಲು ನೆಲಕ್ಕೆ ಎಟುಕಲಿಲ್ಲ. ಕೊನೆಗೆ ಅವನು ಮೂಲೆಯಲ್ಲಿದ್ದ ಕಡುನೀಲಿ ಬೈಕು ಹೊರಗೆ ತಂದ. ಚೂಪು ಮೂತಿ, ಓಡಲು ಹೊರಟ ಪ್ರಾಣಿಯ ಹಾಗೆ ಬಿಗಿದ ಮೈ. ಹ್ಯಾಂಡಲ್ ಮಾತ್ರ ಒಂದಿಷ್ಟು ಮೇಲಕ್ಕಿತ್ತು, ಸೀಟು ದಪ್ಪಗಿತ್ತು.

"ಮೇಡಂ, ಇದರ ಶಾಕ್ ಅಬ್ಸಾರ್ಬರ್ ಚೆನ್ನಾಗಿ ತಗ್ಗುತ್ತೆ. ಗುಂಡೀನ ಅದೇ ನುಂಗಿಕೊಳ್ಳುತ್ತೆ. ಹಾಗಂತ ಓಟಕ್ಕೇನೂ ಕಮ್ಮಿ ಇಲ್ಲ" ಎಂದ.

ಮತ್ತೆ ಅದೇ ಜಲ್ಲಿಯ ದಾರಿ. ಚಕ್ರ ಗುಂಡಿಗಿಳಿದು ಮೇಲೆದ್ದಾಗ ಮೈ ದೋಣಿಯಲ್ಲಿ ಕೂತಂತೆ ಮೆಲ್ಲಗೆ ತೂಗಿತು. ಇಂಜಿನ್ನು ಗಂಟಲಲ್ಲೇ ಹಾಡುತ್ತಿತ್ತು. ಸೊಸೆ ಗೇರ್ ಬದಲಿಸಿದಳು. ತಿರುವಿನಲ್ಲಿ ಬೈಕು ಅವಳ ಮನಸ್ಸರಿತಂತೆ ವಾಲಿತು. ಹಿಂದಿನಿಂದ ಸದ್ದೇ ಇಲ್ಲ. ಅವಳ ಬೆನ್ನ ಮೇಲೆ ಏನೋ ಭಾರ.

"ಅತ್ತೆ?"

ಒಂದು ಕೈಯಲ್ಲಿ ಹಿಂದಕ್ಕೆ ತಡವಿ ಹಿಡಿದುಕೊಂಡು, ನಿಧಾನಕ್ಕೆ ಗಾಡಿ ನಿಲ್ಲಿಸಿ ಕತ್ತು ತಿರುಗಿಸಿದಳು. ಅತ್ತೆಯ ಹೆಲ್ಮೆಟ್ಟು ಅವಳ ಬೆನ್ನಿಗೊರಗಿತ್ತು. ಬಾಯಿ ತುಸು ತೆರೆದಿತ್ತು. ಸಣ್ಣಗೆ ಗೊರಕೆ.

"ಅತ್ತೆ!"

"ಯಾಕೆ ನಿಲ್ಲಿಸ್ದೆ?" ಅತ್ತೆ ಕಣ್ಣುಜ್ಜಿಕೊಂಡರು. "ಬಸ್ಸಲ್ಲಿದ್ದೆ ಕಣೇ. ಕಿಟಕಿ ತುಂಬ ಮಂಜು. ನಿಮ್ಮ ಮಾವ ಘಟ್ಟದ ತಿರುವು ತಗೋತಿದ್ರು. ಹಿಂದೆ ತಿರುಗಿ ಏನೋ ಹೇಳ್ತಾ ಇದ್ರು, ಅಷ್ಟರಲ್ಲಿ ನೀನು ಎಬ್ಬಿಸಿದೆ."

"ಬಿದ್ದಿದ್ರೆ ಏನ್ರೀ ಗತಿ!" ಎಂದು ಸೊಸೆ ಗದರಿದಳು, ಗದರುತ್ತಲೇ ನಕ್ಕಳು, ನಗುತ್ತಲೇ ಅತ್ತಳು. ಅತ್ತೆ ಸೆರಗಿನಿಂದ ಅವಳ ಮುಖ ಒರೆಸಿ, "ಕೆಂಪು ಸಿಗಲಿಲ್ಲ ಅಂತ ಅಳುವೋ?" ಎಂದರು.

"ಅದೂ ಸ್ವಲ್ಪ ಇದೆ" ಎಂದಳು ಸೊಸೆ.

ನೀಲಿ ಬೈಕೇ ಮನೆಗೆ ಬಂತು. ಗಾಡಿ ಮೇಲೆ ಕಣ್ಣು ಮುಚ್ಚಕೂಡದು ಎಂದು ಗಂಡ ಅಮ್ಮನಿಂದ ಆಣೆ ಮಾಡಿಸಿಕೊಂಡ; ನಂಬಿಕೆ ಸಾಲದೆ, ಸೊಸೆಯ ಸೊಂಟಕ್ಕೆ ಕಟ್ಟುವ ಅಗಲ ಪಟ್ಟಿಯೊಂದಕ್ಕೆ ಅತ್ತೆ ಹಿಡಿದುಕೊಳ್ಳಲು ಹಿಡಿಗಳನ್ನೂ ಹೊಲಿಸಿ ತಂದ. ಅತ್ತೆ ಮಾತು ತಪ್ಪಲಿಲ್ಲ. ದಾರಿಯುದ್ದಕ್ಕೂ ಹಳೆಯ ನಿಲ್ದಾಣಗಳ ಹೆಸರನ್ನು ಒಂದೊಂದಾಗಿ ಹೇಳಿಕೊಂಡು ಬರುತ್ತಿದ್ದರು. ಹೊಳೆ ತಲುಪಿ ಚಾಪೆ ಹಾಸಿದ್ದೇ ತಡ, ತೂಗಾಟ ಇನ್ನೂ ಮೈಯಲ್ಲಿರುವಾಗಲೇ ಮರದ ಬುಡದಲ್ಲಿ ಗಾಢವಾಗಿ ಮಲಗಿಬಿಡುತ್ತಿದ್ದರು. ಸೊಸೆ ಕಂಬದ ಮೇಲಿನ ನೀರಿನ ಗುರುತು ನೋಡಿ, ಫೋನಿನಲ್ಲಿ ಪಿಸುದನಿಯಲ್ಲಿ ವರದಿ ಹೇಳುತ್ತಿದ್ದಳು. ಕಚೇರಿಯವರು, "ಗಂಟಲು ಹೋಗಿದೆಯಾ?" ಎಂದು ಕೇಳುತ್ತಿದ್ದರು.

ಹಾಗೆ ಮರಳುವಾಗ ಒಂದು ಸಂಜೆ, ಜಲ್ಲಿ ಮುಗಿದು ಡಾಂಬರು ಸಿಕ್ಕಿತು. ಮುಂದೆ ಯಾರೂ ಇಲ್ಲದ ನೇರ ದಾರಿ, ಅದರ ಕೊನೆಗೆ ಹೊಂಬಣ್ಣದ ಆಕಾಶ.

"ಅತ್ತೆ, ಗಟ್ಟಿಯಾಗಿ ಹಿಡ್ಕೊಳ್ಳಿ."

"ಹಿಡ್ಕೊಂಡೇ ಇದೀನಿ. ಬಿಡು ನೀನು."

ಸೊಸೆ ಟ್ಯಾಂಕಿನ ಮೇಲೆ ಬಾಗಿದಳು. ಗಾಳಿ ಎರಡು ಪಾಲಾಯಿತು. ಮನೆ ಮುಂದೆ ಇಳಿದಾಗ ಹೆಲ್ಮೆಟ್ಟಿನ ಕೆಳಗಿಂದ ಹೊರಬಂದ ಅತ್ತೆಯ ಕೂದಲೆಲ್ಲ ಕೆದರಿತ್ತು, ಕೆನ್ನೆ ಕೆಂಪಾಗಿತ್ತು. ಬಾಗಿಲಲ್ಲಿ ಚಪಾತಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಮಗನನ್ನು ನೋಡಿ, "ದೀಪ ಹಚ್ಚೋಕೆ ಇನ್ನೂ ಹೊತ್ತಿದೆ ತಾನೆ? ಇನ್ನೊಂದು ಸುತ್ತು ಹೋಗಿ ಬರ್ತೀವಿ" ಎಂದರು.